ದೊಡ್ಡಮ್ಮನ ಜೋಡಿ ನಕ್ಷತ್ರಗಳು

ನಮ್ಮ ದೊಡ್ಡಪ್ಪನನ್ನು ಕಂಡರೆ ಇಡೀ ಬೀದಿಗೆ ಇಷ್ಟ. ನನಗೂ ಇಷ್ಟವೇ ಇತ್ತು. ಈಗ ಎದುರಿಗೆ ಬಂದರೆ "ಊಟ ಆಯ್ತಾ ದೊಡ್ಡಪ್ಪ" ಅನ್ನುವಷ್ಟು ಮಾತಾಡುತ್ತೇನೆ, ಅಷ್ಟೇ. ಅವರು ಕುಡಿಯಲಿಲ್ಲ, ಕೈ ಎತ್ತಲಿಲ್ಲ, ಇನ್ನೊಂದು ಸಂಸಾರ ಮಾಡಲಿಲ್ಲ. ಅಂಥದ್ದೇನಾದರೂ ಮಾಡಿದ್ದರೆ ನಮ್ಮ ಮನೆಯವರಿಗೆ ಅರ್ಥವಾದರೂ ಆಗುತ್ತಿತ್ತು. ಅವರು ದೊಡ್ಡಮ್ಮನಿಗೆ ಮಾಡಿದ್ದನ್ನು ಹೇಳಿದರೆ ಜನ "ಅಯ್ಯೋ, ಇಷ್ಟಕ್ಕೇನಾ?" ಅಂತ ನಗುತ್ತಾರೆ. ನನ್ನ ಹೆತ್ತ ತಾಯಿಯೇ ನಕ್ಕಳು. ಹೌದು ಮಹಾರಾಯರೇ, ಇಷ್ಟಕ್ಕೇ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ದೊಡ್ಡಮ್ಮನ ಕೆಲಸ ಹಲ್ಲು ಮಾಡುವುದು. ಹಲ್ಲಿನ ಡಾಕ್ಟರರ ಹಿಂದಿನ ಕೋಣೆಯಲ್ಲಿ ಕೂತು, ಅಚ್ಚಿನ ಮೇಲೆ ಮೇಣ ಇಟ್ಟು, ಒಂದೊಂದೇ ಹಲ್ಲು ಜೋಡಿಸಿ ಸೆಟ್ಟು ಕಟ್ಟುತ್ತಾಳೆ. ಸೆಟ್ಟು ಹಾಕಿಸಿಕೊಳ್ಳುವವರು ಸಾಮಾನ್ಯವಾಗಿ ಸಂಕೋಚದ ಜನ. ಒಸಡಿಗೆ ಒತ್ತುತ್ತಿದ್ದರೂ "ಚೆನ್ನಾಗಿದೆ, ಚೆನ್ನಾಗಿದೆ" ಅಂತ ತಲೆಯಾಡಿಸಿ ಎದ್ದು ಹೋಗಲು ನೋಡುತ್ತಾರೆ. ದೊಡ್ಡಮ್ಮ ಬಿಡುವುದಿಲ್ಲ. "ಚೆನ್ನಾಗಿದೆ ಅಂತ ನನಗೆ ಹೇಳ್ಬೇಡಿ, ಕಚ್ಚಿ ತೋರಿಸಿ" ಎಂದು ಬಣ್ಣದ ಕಾಗದದ ಚೂರು ಬಾಯಿಗಿಡುತ್ತಾಳೆ. ಎಲ್ಲಿ ಬಣ್ಣ ಹತ್ತಿತೋ ಅಲ್ಲಿ ಉಜ್ಜಿ, ಮತ್ತೆ ಕಚ್ಚಿಸಿ, ಮತ್ತೆ ಉಜ್ಜಿ, ಕೂತವರಿಗೆ ಸಾಕುಬೇಕಾದರೂ ಇವಳಿಗೆ ಸಾಕಾಗುವುದಿಲ್ಲ. ಬೀದಿಯಲ್ಲಿ ಯಾರಾದರೂ ನಕ್ಕರೆ ಮುಖ ನೋಡುವ ಮೊದಲು ಬಾಯಿ ನೋಡುವ ಚಾಳಿ ಅವಳಿಗಿದೆ. ಒಂದು ಮದುವೆಯಲ್ಲಿ "ಮೂರನೇ ಸಾಲಿನಲ್ಲಿ ನಗ್ತಿರೋದು ನನ್ನ ಹಲ್ಲು" ಅಂದಿದ್ದಳು, ನನಗೆ ನಗು ತಡೆಯಲಾಗದೆ ಎದ್ದು ಹೊರಗೆ ಹೋಗಬೇಕಾಯಿತು.

ದೊಡ್ಡಪ್ಪನದು ಚಪ್ಪಲಿ ಅಂಗಡಿ. ಬಂದವರು ಬರಿಗೈಲಿ ಹೋದರೆ ಅವರಿಗೆ ಸಂಕಟ. ದುಡ್ಡಿನಾಸೆಗಲ್ಲ, ಯಾರ ಮುಖವೂ ಬಾಡಬಾರದು ಅಷ್ಟೇ. ಬಿಗಿಯಾದರೆ "ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ", ಸಡಿಲವಾದರೆ "ಹಾಕ್ತಾ ಹಾಕ್ತಾ ಕಾಲಿಗೆ ಕೂರುತ್ತೆ". ಕಚ್ಚಿದ ಚಪ್ಪಲಿ ವಾಪಸು ತಂದವರಿಗೂ ಟೀ ತರಿಸುತ್ತಾರೆ. ಇಂಥ ಇಬ್ಬರು ಒಂದೇ ಸೂರಿನಡಿ ಹೇಗೆ ಬಾಳುತ್ತಾರೆ ಅಂತ ನಾವು ತಮಾಷೆ ಮಾಡುತ್ತಿದ್ದೆವು. ನಾನು ಓದುವ ಕಾಲದಿಂದ ಅವರ ಮುಂದಿನ ಕೋಣೆಯಲ್ಲೇ ಇರುವವಳು. ಚೆನ್ನಾಗಿಯೇ ಬಾಳುತ್ತಿದ್ದರು, ಅದನ್ನೂ ಹೇಳಬೇಕು.

ದೊಡ್ಡಮ್ಮನಿಗೆ ಟೆಲಿಸ್ಕೋಪಿನ ಹುಚ್ಚು ಹತ್ತಿದ್ದು ಹೇಗೆ ಅಂತ ಅವಳಿಗೇ ಸರಿಯಾಗಿ ಗೊತ್ತಿಲ್ಲ. ಡಾಕ್ಟರರು ಮನೆ ಬದಲಿಸುವಾಗ ಮೂಲೆಯಲ್ಲಿದ್ದ ಒಂದು ಉದ್ದನೆಯ ಮಸೂರದ ಟೆಲಿಸ್ಕೋಪನ್ನು "ಬೇಕಾದರೆ ತಗೊಂಡು ಹೋಗಿ" ಅಂದರಂತೆ. ಹಿತ್ತಿಲಲ್ಲಿ, ಬಟ್ಟೆ ಒಣಹಾಕುವ ತಂತಿಗೂ ನೀರಿನ ತೊಟ್ಟಿಗೂ ನಡುವೆ ಅದನ್ನು ನಿಲ್ಲಿಸಿಕೊಂಡಳು. ಪಕ್ಕದ ಮನೆಯವರ ಬಚ್ಚಲಿನ ದೀಪ ಕಣ್ಣಿಗೆ ಹೊಡೆಯುತ್ತಿತ್ತೆಂದು ತಂತಿಯ ಮೇಲೆ ಹಳೆಯ ಕಂಬಳಿ ಇಳಿಬಿಟ್ಟಳು. ಮೊದಲು ಚಂದ್ರ ನೋಡಿದಳು, ಆಮೇಲೆ ಎಲ್ಲರೂ ನೋಡುವುದನ್ನೆಲ್ಲ ನೋಡಿದಳು, ಕೊನೆಗೆ ಜೋಡಿ ನಕ್ಷತ್ರಗಳಿಗೆ ಬಂದು ನಿಂತವಳು ಅಲ್ಲಿಂದ ಕದಲಲಿಲ್ಲ.

ಬರಿಗಣ್ಣಿಗೆ ಅದು ಒಂದೇ ಚುಕ್ಕಿ. ಟೆಲಿಸ್ಕೋಪಿನಲ್ಲಿ ನೋಡಿದರೆ ಎರಡು, ಒಂದು ದೊಡ್ಡದು, ಪಕ್ಕದಲ್ಲೊಂದು ಚಿಕ್ಕದು. ಕೆಲವು ಬರೀ ನೋಟಕ್ಕೆ ಜೋಡಿ. ಒಂದು ಹತ್ತಿರ, ಇನ್ನೊಂದು ಎಲ್ಲೋ ಹಿಂದೆ ದೂರದಲ್ಲಿ, ನಮ್ಮ ಕಡೆಯಿಂದ ನೋಡಿದಾಗ ಒಂದೇ ನೇರಕ್ಕೆ ಬಂದಿರುತ್ತವೆ. ಇನ್ನು ಕೆಲವು ನಿಜವಾಗಿ ಒಂದನ್ನೊಂದು ಸುತ್ತುತ್ತಿರುತ್ತವೆ. ಯಾವುದು ಎಂಥದು ಅಂತ ತಿಳಿಯಬೇಕಾದರೆ, ಚಿಕ್ಕದು ದೊಡ್ಡದರ ಯಾವ ದಿಕ್ಕಿಗಿದೆ ಎಂದು ಅಳೆದಿಡಬೇಕು. ವರ್ಷಾನುಗಟ್ಟಲೆ ಆದಮೇಲೆ ಇನ್ನೊಬ್ಬರು ಮತ್ತೆ ಅಳೆಯಬೇಕು. ಚಿಕ್ಕದು ಸುತ್ತಿಕೊಂಡು ಬೇರೆ ಜಾಗಕ್ಕೆ ಬಂದಿದ್ದರೆ ನಿಜವಾದ ಜೋಡಿ. "ಹಾಗಾದ್ರೆ ನಮ್ಮ ಥರ ಗಂಡ ಹೆಂಡತಿ ಅನ್ನು" ಅಂತ ದೊಡ್ಡಪ್ಪ ಒಮ್ಮೆ ನಕ್ಕಿದ್ದರು. ದೊಡ್ಡಮ್ಮ ನಗಲಿಲ್ಲ. "ಅವು ಬೆಂಕಿ ಉಂಡೆಗಳು ರೀ, ಅವಕ್ಕೆ ಸಂಸಾರ ಗಿಂಸಾರ ಏನೂ ಇಲ್ಲ" ಅಂದಳು.

ಇಂಥ ಹುಚ್ಚಿನವರದೇ ಒಂದು ಸಂಘವಿದೆ. ಅದರದೊಂದು ಪುಟ್ಟ ಪತ್ರಿಕೆಯೂ ಬರುತ್ತದೆ. ಒಬ್ಬರದೇ ಅಳತೆಯನ್ನು ಅವರು ಅಚ್ಚು ಹಾಕುವುದಿಲ್ಲ. ಇಬ್ಬರು ಬೇರೆ ಬೇರೆ ಟೆಲಿಸ್ಕೋಪಿನಲ್ಲಿ, ಒಬ್ಬರದು ಇನ್ನೊಬ್ಬರಿಗೆ ತಿಳಿಯದ ಹಾಗೆ ಅಳೆದಿರಬೇಕು. ಅಷ್ಟೇ ಅಲ್ಲ, ಹಳೆಯ ಪಟ್ಟಿಯಲ್ಲಿ ಏನಿದೆ ಅಂತ ಮೊದಲೇ ನೋಡುವ ಹಾಗಿಲ್ಲ. ಗೊತ್ತಿದ್ದರೆ ಕಣ್ಣು ಅದನ್ನೇ ಕಾಣುತ್ತದೆ ಅಂತ ದೊಡ್ಡಮ್ಮ ಹೇಳುತ್ತಿದ್ದಳು. ಕುರುಡಾಗಿ ಅಳೆದು, ಇಬ್ಬರದೂ ಕೂಡಿಬಂದ ಮೇಲೆ ಪಟ್ಟಿ ತೆರೆಯಬೇಕು.

ಅವಳ ಜೊತೆಗಾರ ಲಿಫ್ಟಣ್ಣ. ದೊಡ್ಡ ದೊಡ್ಡ ಕಟ್ಟಡಗಳ ಲಿಫ್ಟು ರಿಪೇರಿ ಮಾಡಿ ನಿವೃತ್ತರಾದವರು, ಎರಡು ಬೀದಿ ಆಚೆ ಮನೆ. ತಾವೇ ಗಾಜು ಉಜ್ಜಿ ಕನ್ನಡಿ ಮಾಡಿ, ತಗಡಿನ ಕೊಳವೆಯಲ್ಲಿ ಕೂರಿಸಿ, ಆಳೆತ್ತರದ ಟೆಲಿಸ್ಕೋಪು ಕಟ್ಟಿದ್ದರು. ಇಬ್ಬರೂ ತಮ್ಮ ತಮ್ಮ ಹಿತ್ತಿಲಲ್ಲಿ ಅಳೆಯುವುದು, ಬಂದ ಅಂಕಿಯನ್ನು ದೊಡ್ಡಪ್ಪನಿಗೆ ಹೇಳುವುದು. ಇಬ್ಬರದೂ ಕೈಸೇರುವ ತನಕ ದೊಡ್ಡಪ್ಪ ಬಾಯಿ ಬಿಡುವಂತಿಲ್ಲ. ಈ ಕೆಲಸಕ್ಕೆ ಅವರನ್ನು ಹಾಕಿದ್ದು ದೊಡ್ಡಮ್ಮನೇ. "ನಕ್ಷತ್ರದ ಗಂಧಗಾಳಿ ಇಲ್ಲದವರು ನೀವೊಬ್ಬರೇ, ನಿಮ್ಮಷ್ಟು ನಂಬಿಕೆಯವರು ಬೇರೆ ಯಾರು ಸಿಗ್ತಾರೆ" ಅಂದಿದ್ದಳು. ದೊಡ್ಡಪ್ಪ ಹಿತ್ತಿಲ ಮೆಟ್ಟಿಲ ಮೇಲೆ ಟೀ ಲೋಟ ಹಿಡಿದು ಕೂತು, ಜಡ್ಜಿನ ಗತ್ತಿನಲ್ಲಿ ತೀರ್ಪು ಕೊಡುತ್ತಿದ್ದರು. ಹೀಗೆ ವರ್ಷಗಳೇ ನಡೆದವು. ಪತ್ರಿಕೆ ಬಂದಾಗಲೆಲ್ಲ ಅದರಲ್ಲಿ ದೊಡ್ಡಮ್ಮನ ಹೆಸರು, ಪಕ್ಕದಲ್ಲಿ ಲಿಫ್ಟಣ್ಣನ ಹೆಸರು. ಅವಳು ಅದನ್ನು ಯಾರಿಗೂ ತೋರಿಸುತ್ತಿರಲಿಲ್ಲ, ಆದರೆ ಎಲ್ಲರೂ ಓಡಾಡುವ ಕಡೆಯೇ ಇಡುತ್ತಿದ್ದಳು.

ಆ ವರ್ಷ ಸಂಘದವರು ಬಹಳ ಕಾಲದಿಂದ ಯಾರೂ ತಿರುಗಿ ನೋಡದ ಕೆಲವು ಜೋಡಿಗಳನ್ನು ಸದಸ್ಯರಿಗೆ ಹಂಚಿದರು. ಒಂದು ದೊಡ್ಡಮ್ಮನ ಪಾಲಿಗೆ ಬಂತು. ನೆತ್ತಿಯ ಹತ್ತಿರದ ನಕ್ಷತ್ರ, ನೋಡಬೇಕಾದರೆ ಮಂಡಿಯೂರಿ ಕತ್ತು ತಿರುಚಬೇಕು. ಆಗಲೇ ಅವಳಿಗೆ ಕತ್ತು ನೋವು ಶುರುವಾಗಿತ್ತು. ಹಾಗಾಗಿ ಟೆಲಿಸ್ಕೋಪಿನ ಬುಡಕ್ಕೆ ಸಿಕ್ಕಿಸುವ ಒಂದು ತುಂಡನ್ನು ಹೊಸದಾಗಿ ತಂದಳು. ಮೊಣಕೈಯಂತೆ ಬಾಗಿರುತ್ತದೆ, ಒಳಗೊಂದು ಪುಟ್ಟ ಕನ್ನಡಿ. ಅದನ್ನು ಹಾಕಿದರೆ ಕುರ್ಚಿಯ ಮೇಲೆ ಕೂತೇ ಮೇಲಿನಿಂದ ಬಗ್ಗಿ ನೋಡಬಹುದು. "ಇಷ್ಟು ದಿನ ಯಾಕೆ ತರಲಿಲ್ಲವೋ, ಪೆದ್ದಿ ನಾನು" ಅಂತ ಖುಷಿಪಟ್ಟಳು. ಆ ಮೊಣಕೈಯಿಂದಲೇ ಅಳೆದಳು. ಚಿಕ್ಕ ನಕ್ಷತ್ರ ವಾಯುವ್ಯಕ್ಕಿತ್ತು. ಕೋನ ಎಷ್ಟು ಅಂತ ದೊಡ್ಡಪ್ಪನ ಕಿವಿಗೆ ಹಾಕಿದಳು.

ಮೂರ್ನಾಲ್ಕು ದಿನ ಕಳೆದು ದೊಡ್ಡಪ್ಪ ತೀರ್ಪು ಕೊಟ್ಟರು. "ಲಿಫ್ಟಣ್ಣನದೂ ಬಂತು. ನಿನಗೂ ಅವರಿಗೂ ಕೂದಲೆಳೆ ವ್ಯತ್ಯಾಸ." ದೊಡ್ಡಮ್ಮ ಹಳೆಯ ಪಟ್ಟಿ ತೆರೆದಳು. ಅಲ್ಲಿ ಚಿಕ್ಕದು ಈಶಾನ್ಯದಲ್ಲಿ ಅಂತ ಇತ್ತು.

ಈಶಾನ್ಯದಲ್ಲಿದ್ದದ್ದು ವಾಯುವ್ಯಕ್ಕೆ ಬಂದಿದೆ! ಅಂದರೆ ಸುತ್ತುತ್ತಿದೆ, ಅದೂ ಯಾರೂ ಎಣಿಸದಷ್ಟು ಬೇಗ. ಅವಳಿಗೆ ಮೊದಲು ಬಂದದ್ದು ಅನುಮಾನವೇ. "ಇಲ್ಲ ಕಣೇ, ನಾನೇ ಎಲ್ಲೋ ಎಡವಟ್ಟು ಮಾಡಿದೀನಿ" ಅಂತ ನನ್ನ ಹತ್ತಿರ ಎಷ್ಟು ಸಲ ಅಂದಳೋ. ಮತ್ತೆ ಅಳೆದಳು, ಅದೇ ಬಂತು. ಆಮೇಲೆ ತನಗೆ ತಾನೇ ಸಮಾಧಾನ ಹೇಳಿಕೊಂಡಳು. "ಲಿಫ್ಟಣ್ಣಂದೂ ಅದೇ ಬಂದಿದೆಯಲ್ಲ. ಇಬ್ಬರೂ ಒಟ್ಟಿಗೆ ತಪ್ಪೋದು ಹೇಗೆ?" ಅವಳನ್ನು ನಂಬಿಸಿದ್ದು ಅವಳ ಕಣ್ಣಲ್ಲ, ಆ ಎರಡನೆಯ ಅಂಕಿ. ಇದನ್ನು ಎಲ್ಲರೂ ಮರೆಯುತ್ತಾರೆ, ನಾನು ಮರೆಯುವುದಿಲ್ಲ.

ಅಳತೆ ಕಳಿಸಿದಳು, ಸಂಘದ ಕಾರ್ಯದರ್ಶಿ ತಾವಾಗಿಯೇ ಫೋನು ಮಾಡಿದರು. ಪತ್ರಿಕೆಯ ಮೊದಲ ಪುಟಕ್ಕೆ ತಗೋತೀವಿ, ವಾರ್ಷಿಕ ಸಭೆಯಲ್ಲಿ ನೀವೇ ಓದಬೇಕು ಅಂದರು. ದೊಡ್ಡಮ್ಮನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಜನ್ಮವಿಡೀ ಬೇರೆಯವರ ಬಾಯಲ್ಲಿ ತನ್ನ ಕೆಲಸ ನೋಡಿ ಸುಮ್ಮನಿದ್ದವಳು, ಕನ್ನಡಿ ಮುಂದೆ ನಿಂತು ಭಾಷಣ ಅಭ್ಯಾಸ ಮಾಡುವುದನ್ನು ಬಾಗಿಲ ಸಂದಿಯಿಂದ ನೋಡಿ ನನಗೆ ಕಣ್ಣು ತುಂಬಿ ಬಂತು. ದೊಡ್ಡಪ್ಪ ಅಂಗಡಿಗೆ ಬಂದವರಿಗೆಲ್ಲ ಹೇಳಿದ್ದೇ ಹೇಳಿದ್ದು.

ಸಭೆಗೆ ಇನ್ನೇನು ಒಂದು ವಾರವಿತ್ತು. ಸಂಜೆ ಕತ್ತಲಾಗುತ್ತಲೇ ಇನ್ನೊಂದು ಸಲ ನೋಡಿಬಿಡೋಣ ಅಂತ ಹೊರಗೆ ಹೋದಳು. ಮೊಣಕೈ ಕನ್ನಡಿಗೆ ಇಬ್ಬನಿ ಕೂತಿತ್ತು. "ಇದು ಒಣಗೋ ತನಕ ಯಾರು ಕಾಯ್ತಾರೆ" ಎಂದು ಅದನ್ನು ಕಿತ್ತು ನನ್ನ ಕೈಗೆ ಕೊಟ್ಟು, ಮಂಡಿಯೂರಿ, ಮೊದಲಿನ ಹಾಗೆ ನೇರವಾಗಿ ಕಣ್ಣಿಟ್ಟಳು. ತಲೆಯೆತ್ತಿ ಆಕಾಶ ನೋಡಿ, ಮತ್ತೆ ಕಣ್ಣಿಟ್ಟಳು. ಆಮೇಲೆ ಅವಳ ನಗು ಕೇಳಿಸಿತು.

"ಥೂ, ನನ್ನ ಬುದ್ಧಿಗಿಷ್ಟು! ಕನ್ನಡಿ ಕಣೇ! ಒಂದು ಕನ್ನಡಿಯಲ್ಲಿ ನೋಡಿದ್ರೆ ಎಡ ಬಲ ಅದಲುಬದಲು ಆಗುತ್ತಲ್ವಾ? ಕೋನ ತಿರುಗಿಸಿ ಓದಬೇಕಿತ್ತು. ನಾನು ಹಳೇ ಅಭ್ಯಾಸದಲ್ಲಿ ಓದಿದೀನಿ. ಎಲ್ಲೂ ಹೋಗಿಲ್ಲ ಅದು, ಇದ್ದಲ್ಲೇ ಇದೆ, ಈಶಾನ್ಯದಲ್ಲೇ ಇದೆ!"

ಅವಳು ಹಣೆ ಚಚ್ಚಿಕೊಂಡು ನಗುತ್ತಲೇ ಇದ್ದಳು. ಸಭೆ ಹೋಯಿತು, ಮೊದಲ ಪುಟ ಹೋಯಿತು, ಆದರೂ ನಗುತ್ತಿದ್ದಳು. ತಪ್ಪು ಸಿಕ್ಕಿತಲ್ಲ ಅನ್ನುವ ಸಮಾಧಾನವೇ ಅವಳಿಗೆ ದೊಡ್ಡದು, ಅವಳು ಅಂಥವಳು.

ನಾನು ಬಾಯಿ ತಪ್ಪಿ ಕೇಳಿದೆ, "ಹಾಗಾದ್ರೆ ಲಿಫ್ಟಣ್ಣನೂ ಮೊಣಕೈ ಹಾಕಿದ್ರಾ?"

ನಗು ಅಲ್ಲಿಗೇ ನಿಂತಿತು. ಲಿಫ್ಟಣ್ಣನ ಟೆಲಿಸ್ಕೋಪಿಗೆ ಮೊಣಕೈ ಹಾಕಲು ಬರುವುದೇ ಇಲ್ಲ. ಅದರೊಳಗೆ ಇರುವುದು ಎರಡು ಕನ್ನಡಿ, ಒಂದು ಅದಲುಬದಲು ಮಾಡಿದ್ದನ್ನು ಇನ್ನೊಂದು ಸರಿಮಾಡುತ್ತದೆ. ಅದರಲ್ಲಿ ನೋಡಿದವರಿಗೆ ಈಶಾನ್ಯ ಈಶಾನ್ಯವಾಗಿಯೇ ಸಿಗಬೇಕು. ದೊಡ್ಡಮ್ಮ ಮಾಡಿದ ತಪ್ಪನ್ನು ಅವರು ಮಾಡಲು ಸಾಧ್ಯವಿಲ್ಲ. ಆದರೂ ಅವರ ಅಂಕಿ ಅವಳ ತಪ್ಪಿನ ಪಕ್ಕದಲ್ಲೇ ಬಂದು ಕೂತಿತ್ತು, ಕೂದಲೆಳೆ ವ್ಯತ್ಯಾಸದಲ್ಲಿ. ದೊಡ್ಡಮ್ಮ ಮಂಡಿಯ ಮೇಲೇ ಕೂತು ನನ್ನನ್ನು ನೋಡಿದಳು.

ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮೊದಲು ಲಿಫ್ಟಣ್ಣನ ಮನೆಗೆ ಹೋದೆವು. ಅವರು ಒಳಗೆ ಕರೆದರು, ಇವಳು ನೇರ ಹಿತ್ತಿಲಿಗೆ ನಡೆದಳು. ಟೆಲಿಸ್ಕೋಪಿನ ಮೇಲೆ ಹಳೆಯ ಬೆಡ್‌ಶೀಟು ಹೊದಿಸಿತ್ತು. ಎಳೆದಳು. ಕೊಳವೆಯ ಬಾಯಿಗೆ ಅಡ್ಡಡ್ಡ ಜೇಡರ ಬಲೆ, ಒಳಗೆ ಕಣಜದ ಹುಳ ಕಟ್ಟಿದ ಮಣ್ಣಿನ ಗೂಡು, ತಳದ ಕನ್ನಡಿಯ ಮೇಲೆ ಬೆರಳಲ್ಲಿ ಬರೆಯುವಷ್ಟು ಧೂಳು.

"ಲಿಫ್ಟಣ್ಣ, ಇದರಲ್ಲಿ ನೋಡಿದ್ರಾ?"

ಅವರು ಬಾಗಿಲ ಚೌಕಟ್ಟು ಹಿಡಿದು ನಿಂತರು. "ಕಣ್ಣು ಹೋಗಿದೆಯಮ್ಮ" ಅಂದರು. "ಸುತ್ತ ಕಾಣುತ್ತೆ. ಯಾವುದನ್ನ ನೇರ ನೋಡ್ತೀನೋ ಅದೇ ಕಾಣಲ್ಲ. ಮಧ್ಯದಲ್ಲಿ ಮಬ್ಬು. ಡಾಕ್ಟರು ಇನ್ನೇನೂ ಮಾಡಕ್ಕಾಗಲ್ಲ ಅಂದ್ರು."

"ನನಗೆ ಹೇಳ್ಬಾರದಿತ್ತಾ?"

"ಯಜಮಾನ್ರಿಗೆ ಹೇಳಿದ್ದೆನಲ್ಲಮ್ಮ. ಇನ್ನು ನನ್ನ ಬಿಟ್ಟುಬಿಡಿ ಅಂತ. ಅವರೇ, ಬೇಡ, ನೀವು ಬಿಟ್ರೆ ಇವಳದೂ ನಿಂತುಹೋಗುತ್ತೆ, ಇವಳ ಅಂಕಿ ನಾನು ನಿಮಗೆ ಹೇಳ್ತೀನಿ, ಒಂದು ಚೂರು ಆಚೆ ಈಚೆ ಮಾಡಿ ನನಗೇ ವಾಪಸ್ ಹೇಳಿ ಅಂದ್ರು. ನಿನಗೂ ಗೊತ್ತು ಅಂದ್ಕೊಂಡಿದ್ದೆ ಮೊದಮೊದಲು. ಆಮೇಲೆ ಗೊತ್ತಿಲ್ಲ ಅಂತ ತಿಳೀತು. ಅಷ್ಟರಲ್ಲಿ ಹೇಳೋಕೆ ಬಾಯಿ ಬರಲಿಲ್ಲ."

ಅವರ ಮೇಲೆ ಕೂಗಾಡಬೇಕೆಂದೇ ನಾನು ಹೋದವಳು. ಆ ಮುಖ ನೋಡಿ ನಾಲಿಗೆ ಏಳಲಿಲ್ಲ. ದೊಡ್ಡಮ್ಮ ಬೆಡ್‌ಶೀಟನ್ನು ಮತ್ತೆ ಹೊದಿಸಿ, ಮೂಲೆಗಳನ್ನು ಸಿಕ್ಕಿಸಿ, "ಕಣ್ಣು ಜೋಪಾನ" ಅಂದು ಹೊರಟಳು. ದಾರಿಯುದ್ದಕ್ಕೂ ಒಂದೇ ಮಾತು ಆಡಿದ್ದು: "ಇವರು. ನಮ್ಮ ಮನೆಯವರು."

ಸಂಜೆ ದೊಡ್ಡಪ್ಪ ಅಂಗಡಿ ಮುಚ್ಚಿ ಬರುವಷ್ಟರಲ್ಲಿ ಲಿಫ್ಟಣ್ಣನ ಫೋನು ಹೋಗಿತ್ತು. ಬರುವಾಗಲೇ ಮುಖ ಸಣ್ಣದು ಮಾಡಿಕೊಂಡು, ಬೇಕರಿಯ ಪೊಟ್ಟಣ ಹಿಡಿದು ಬಂದರು. ಚಪ್ಪಲಿ ಕಚ್ಚಿದ ಗಿರಾಕಿಗೆ ಟೀ ತರಿಸುವ ಹಾಗೆ! ನನಗೆ ಮೈಯೆಲ್ಲ ಉರಿದುಹೋಯಿತು.

"ನೋಡು, ನಾನು ಯಾರಿಗೆ ಏನು ಅನ್ಯಾಯ ಮಾಡಿದೀನಿ ಹೇಳು" ಅಂತ ಅವರೇ ಶುರುಮಾಡಿದರು. "ಆ ಮನುಷ್ಯನಿಗೆ ಕಣ್ಣು ಹೋಯ್ತು. ನಿನಗೆ ಜೊತೆ ಇಲ್ದೆ ಹೋದ್ರೆ ನಿನ್ನದನ್ನ ಅವರು ಹಾಕಲ್ಲ. ಪತ್ರಿಕೆ ಬಂದ ದಿನ ನಿನ್ನ ಮುಖ ನೋಡಬೇಕಿತ್ತು ನೀನು. ಅದನ್ನ ನಾನು ಹೇಗೆ ನಿಲ್ಲಿಸ್ಲಿ?"

"ಅದಕ್ಕೆ ನನ್ನ ಕಿವಿಗೆ ಹೂವಿಟ್ರಾ?"

"ಹೂವೂ ಇಲ್ಲ ಏನೂ ಇಲ್ಲ. ಅಂಕಿ ಎಲ್ಲಾ ನಿಂದೇ ತಾನೆ? ನೀನು ಅಳೆದದ್ದೇ ತಾನೆ? ಈ ಒಂದು ಬಿಟ್ರೆ ಮಿಕ್ಕಿದ್ದೆಲ್ಲಾ ಸರಿಯಾಗೇ ಇರುತ್ತೆ."

"ಸರಿಯಾಗಿದೆ ಅಂತ ನನಗೆ ಹೇಗ್ರೀ ಗೊತ್ತಾಗ್ಬೇಕು?" ದೊಡ್ಡಮ್ಮನ ದನಿ ಏರಲಿಲ್ಲ. "ಅದಕ್ಕೇ ಅಲ್ವಾ ಇನ್ನೊಬ್ಬರು ಬೇಕಾಗಿದ್ದು? ಇಷ್ಟು ವರ್ಷ ನಾನು ಹೇಳಿದ್ದನ್ನೇ ನನಗೆ ವಾಪಸ್ ಹೇಳಿದೀರಿ. ನಾನು ಅದನ್ನ ಕೇಳಿ, ಅಬ್ಬಾ ಸರಿಯಾಗಿದೆ ಅಂತ ನಿದ್ದೆ ಮಾಡಿದೀನಿ."

ದೊಡ್ಡಪ್ಪ ಪೊಟ್ಟಣದ ದಾರ ಬಿಚ್ಚುತ್ತ ನಿಂತರು.

"ಯಾವತ್ತಿಂದ?" ಅಂತ ಕೇಳಿದಳು. "ಯಾವ ಜೋಡಿಯಿಂದ ಶುರು ಮಾಡಿದ್ರಿ, ಅದೊಂದು ಹೇಳಿ. ಅದರ ಹಿಂದಿನವಾದ್ರೂ ಉಳ್ಕೊಳ್ಳಲಿ."

ಅವರು ನಿಜವಾಗಿಯೂ ಯೋಚಿಸಿದರು. ಮೇಲೆ ನೋಡಿದರು, ಕೆಳಗೆ ನೋಡಿದರು. "ಅದೆಲ್ಲಾ ಯಾರೇ ನೆನಪಿಟ್ಕೋತಾರೆ" ಅಂದರು ಕೊನೆಗೆ. ಲಿಫ್ಟಣ್ಣನಿಗೆ ಫೋನು ಮಾಡಿ ಕೇಳಿದೆ. ಅವರಿಗೂ ಖಚಿತವಿಲ್ಲ, ಕಣ್ಣು ಮಬ್ಬಾದದ್ದು ಮೆಲ್ಲಮೆಲ್ಲಗೆ, ಕೇಳಿ ಹೇಳಿದ್ದೂ ಮೆಲ್ಲಮೆಲ್ಲಗೆ. ಒಬ್ಬ ಹೆಂಗಸಿನ ಇಷ್ಟು ವರ್ಷದ ಕೆಲಸವನ್ನು ಹಾಳುಮಾಡಿದ ದಿನ ಯಾವುದು ಅಂತ ಇಬ್ಬರು ಗಂಡಸರಲ್ಲಿ ಒಬ್ಬರಿಗೂ ನೆನಪಿಲ್ಲ!

ದೊಡ್ಡಮ್ಮ ಅಲ್ಲೇ, ದೊಡ್ಡಪ್ಪನ ಎದುರಿಗೇ, ಕಾರ್ಯದರ್ಶಿಗೆ ಫೋನು ಹಚ್ಚಿದಳು. ಇವಳು ಎಲ್ಲವನ್ನೂ ತನ್ನ ತಲೆ ಮೇಲೆ ಹೊತ್ತುಕೊಳ್ಳುತ್ತಾಳೆ ಅಂದುಕೊಂಡೆ. ನಮ್ಮ ಮನೆ ಹೆಂಗಸರಿಗೆ ಅದೊಂದು ರೋಗ. ದೊಡ್ಡಪ್ಪನೂ ಹಾಗೇ ಅಂದುಕೊಂಡರೇನೋ, ಕುರ್ಚಿಗೆ ಒರಗಿದರು.

"ಆ ಜೋಡಿ ಅಳತೆ ತಪ್ಪು, ಅದು ನನ್ನ ತಪ್ಪು" ಅಂದಳು. "ಅದನ್ನ ಹಾಕ್ಬೇಡಿ. ಹಿಂದಿನವು ನಮ್ಮಿಬ್ಬರ ಹೆಸರಲ್ಲಿ ಬಂದಿವೆಯಲ್ಲ, ಅವನ್ನೂ ವಾಪಸ್ ತಗೊಳ್ಳಿ. ಎಲ್ಲಾ. ... ಇಲ್ಲ, ಎಲ್ಲಾನೂ. ಎರಡನೆಯವರು ನೋಡಿಲ್ಲ. ನಮ್ಮ ಯಜಮಾನರು ನನ್ನ ಅಂಕಿನ ಅವರಿಗೆ ಹೇಳ್ತಿದ್ರು. ... ಹೌದು, ಹಾಗೇ ಬರೀರಿ."

ಒರಗಿದ್ದ ದೊಡ್ಡಪ್ಪ ಎದ್ದು ಕೂತರು. "ಆ ಮನುಷ್ಯನ ಮರ್ಯಾದೆ..." ಅಂದರು. ತಮ್ಮ ಮರ್ಯಾದೆ ಅನ್ನಲು ನಾಚಿಕೆಯಾಗಿರಬೇಕು.

ಅಮ್ಮನಿಗೆ ಹೇಳಿದಾಗ ಅವಳು ನಕ್ಕದ್ದು ಆಗಲೇ. "ಪಾಪ, ಒಳ್ಳೇ ಮನಸ್ಸಿಂದ ತಾನೇ ಮಾಡಿದ್ದು. ನಿನ್ನ ದೊಡ್ಡಮ್ಮ ಸಣ್ಣದನ್ನ ಗುಡ್ಡ ಮಾಡ್ತಾಳೆ." ಬಂಧುಬಳಗದಲ್ಲೆಲ್ಲ ಇದೇ ಮಾತಾಯಿತು. ದೊಡ್ಡಪ್ಪನಿಗೆ ಅಯ್ಯೋ ಪಾಪ, ದೊಡ್ಡಮ್ಮನಿಗೆ ಗಡುಸಿನವಳು ಅನ್ನುವ ಹೆಸರು. ಮೋಸ ಹೋದವಳು ಕೆಟ್ಟವಳಾದಳು ನೋಡಿ. ಸಭೆಯ ದಿನ ದೊಡ್ಡಮ್ಮ ಎಂದಿನಂತೆ ಕೆಲಸಕ್ಕೆ ಹೋಗಿ ಯಾರದೋ ಕೆಳಗಿನ ಸೆಟ್ಟು ಮುಗಿಸಿ ಬಂದಳು. ಮನೆಯಲ್ಲಿ ಅಡುಗೆ, ಮಾತು, ಲೆಕ್ಕಾಚಾರ ಎಲ್ಲ ನಡೆಯುತ್ತಿತ್ತು. ಟೆಲಿಸ್ಕೋಪು ಮಾತ್ರ ಮಂಚದ ಕೆಳಗೆ ಸೇರಿತು.

ದೊಡ್ಡಪ್ಪನಿಗೆ ಅದನ್ನು ನೋಡಲಾಗಲಿಲ್ಲ. ಅವರಿಗೆ ಪಶ್ಚಾತ್ತಾಪವಾಗಿತ್ತು, ಅದು ನಾಟಕವಲ್ಲ ಅಂತ ನಾನೂ ಒಪ್ಪುತ್ತೇನೆ. ಒಂದು ಸಂಜೆ ತಾವೇ ಅದನ್ನು ಹೊತ್ತು ತಂದು ತೊಟ್ಟಿಯ ಪಕ್ಕ ನಿಲ್ಲಿಸಿದರು.

"ನಾನು ನೋಡ್ತೀನಿ" ಅಂದರು. "ಇನ್ಮೇಲೆ ಎರಡನೆಯವನು ನಾನೇ. ನೀನು ಹೇಳಿಕೊಡು, ನಾನು ಕಲೀತೀನಿ. ನಿನ್ನದು ನನಗೆ ಹೇಳ್ಬೇಡ, ನನ್ನದು ನಿನಗೆ ಹೇಳಲ್ಲ. ಸರಿ ತಾನೆ?"

ದೊಡ್ಡಮ್ಮ ಅವರನ್ನೇ ನೋಡುತ್ತ ನಿಂತಳು. ಇಷ್ಟು ವರ್ಷದಲ್ಲಿ ಅವರು ಒಮ್ಮೆಯೂ ಅದಕ್ಕೆ ಕಣ್ಣಿಟ್ಟವರಲ್ಲ. ಅವಳ ಮುಖ ಎಷ್ಟೋ ದಿನದ ಮೇಲೆ ಒಂದಿಷ್ಟು ಸಡಿಲವಾಯಿತು. ಕೈ ಒರೆಸಿಕೊಂಡು ಬಂದು ಟೆಲಿಸ್ಕೋಪನ್ನು ತಿರುಗಿಸಿದಳು, ಕತ್ತು ವಾರೆ ಮಾಡಿ ಮಸೂರ ಸರಿಮಾಡಿದಳು, ಎದ್ದು ಜಾಗ ಬಿಟ್ಟಳು.

ದೊಡ್ಡಪ್ಪ ಕನ್ನಡಕ ತೆಗೆದು, ಒಂದು ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು ನೋಡಿದರು.

"ಏನು ಕಾಣುತ್ತೆ?" ಅಂತ ಕೇಳಿದಳು. ಆ ದನಿಯಲ್ಲಿ ಆಸೆ ಇತ್ತು, ನಾನು ಕೇಳಿದ್ದೇನೆ.

"ಎರಡು!" ಅಂದರು ದೊಡ್ಡಪ್ಪ. "ಚೆನ್ನಾಗಿ ಕಾಣ್ತಿದೆ ಕಣೇ. ಒಂದು ದೊಡ್ಡದು, ಪಕ್ಕದಲ್ಲಿ ಒಂದು ಚಿಕ್ಕದು. ಎಷ್ಟು ಮುದ್ದಾಗಿದೆ!"

ದೊಡ್ಡಮ್ಮ ಬಗ್ಗಿ ತಾನೂ ಒಮ್ಮೆ ಕಣ್ಣಿಟ್ಟು ನೋಡಿದಳು.

"ಅದು ಒಂಟಿ ನಕ್ಷತ್ರ ರೀ" ಅಂದಳು. "ಮಸೂರ ಸರಿಮಾಡೋಕೆ ಅಂತ ಹಿಡಿದದ್ದು. ನಾನಿನ್ನೂ ಜೋಡಿ ಕಡೆ ತಿರುಗಿಸಿಯೇ ಇಲ್ಲ."